ಸಿಬಿಲ್ ಸ್ಕೋರ್ ಬಿದ್ದುಹೋಗಿದೆ, ಎಫ್‌ಡಿ ಮೇಲೆ ಕೊಡೋ ಕ್ರೆಡಿಟ್ ಕಾರ್ಡ್ ತಗೊಂಡ್ರೆ ಸರಿಹೋಗುತ್ತಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬೈಕ್ ಸಾಲದ ನಾಲ್ಕು ಕಂತು ತಪ್ಪಿವೆ, ಮೊಬೈಲ್ ಆ್ಯಪ್‌ನಲ್ಲಿ ತಗೊಂಡ ಹನ್ನೆರಡು ಸಾವಿರ ಹಾಗೇ ಉಳಿದಿದೆ, ಸಿಬಿಲ್ ಸ್ಕೋರ್ (ಸಾಲ ಎಷ್ಟು ಸರಿಯಾಗಿ ಕಟ್ತೀವಿ ಅಂತ ತೋರಿಸೋ ಅಂಕ) 580ಕ್ಕೆ ಇಳಿದಿದೆ, ಬ್ಯಾಂಕ್‌ನವರು ಅರ್ಜಿ ವಾಪಸ್ ಕಳಿಸಿದ್ದಾರೆ. ಬ್ಯಾಂಕಲ್ಲಿ ಎಫ್‌ಡಿ, ಅಂದರೆ ನಿಶ್ಚಿತ ಠೇವಣಿ, ಇಟ್ಟು ಅದರ ಮೇಲೆ ಕಾರ್ಡ್ ತಗೋ ಅಂತ ಸ್ನೇಹಿತ ಹೇಳ್ತಾನೆ. ಎಂಟು ಸಾವಿರ ಕೊಡಿ, ಹದಿನೈದು ದಿನದಲ್ಲಿ ಸ್ಕೋರ್ ಏರಿಸ್ತೀನಿ ಅಂತ ಒಬ್ಬ ಏಜೆಂಟ್ ಹೇಳ್ತಾನೆ. ಯಾರ ಮಾತು ನಂಬಲಿ ಅಂತ ಕೇಳಿದೀರಿ.

ಸ್ನೇಹಿತನ ಮಾತು ನಂಬಿ. ಆದರೆ ಕಾರ್ಡಿಗೂ ಮೊದಲು ಆ ಹನ್ನೆರಡು ಸಾವಿರ ಪೂರ್ತಿ ತೀರಿಸಿ, ಬೈಕಿನ ಬಾಕಿ ಕಂತು ಕಟ್ಟಿ. ಈ ಕ್ರಮ ಹಿಂದುಮುಂದು ಮಾಡಿ ನಾನು ಒಂದು ವರ್ಷ ಕಳಕೊಂಡೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ.

ನಾನೂ ದಾವಣಗೆರೆಯವಳೇ. ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ನಮ್ಮ ಯಜಮಾನರದು ಲಗೇಜ್ ಆಟೋ, ಮಂಡಕ್ಕಿ ಭಟ್ಟಿಗಳಿಂದ ಚೀಲ ಹೊಡೀತಾರೆ. 2019ರಲ್ಲಿ ಅತ್ತೆಯವರ ಆಪರೇಷನ್‌ಗೆ ಅಂತ ನನ್ನ ಹೆಸರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ತಗೊಂಡಿದ್ವಿ. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕಂತು ಮುಂದೂಡೋಕೆ ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತ್ತು, ಆದರೆ ಸೆಪ್ಟೆಂಬರ್ ಬಂದರೂ ಬಾಡಿಗೆ ಮೊದಲಿನ ಹಾಗೆ ಸಿಗಲಿಲ್ಲ. ಐದು ಕಂತು ತಪ್ಪಿದವು. 46,000 ಬಾಕಿ ಇದ್ದಾಗ ಕಂಪನಿಯಿಂದ ಫೋನ್ ಬಂತು: "25,000 ಕಟ್ಟಿಬಿಡಿ ಮೇಡಂ, ಸಾಲ ಮುಗಿಸಿಬಿಡ್ತೀವಿ." ಬಳೆ ಒತ್ತೆ ಇಟ್ಟು ಅವತ್ತೇ ಕಟ್ಟಿದೆ.

2022ರಲ್ಲಿ ಗಾಡಿ ಬದಲಾಯಿಸೋಣ ಅಂತ ಬ್ಯಾಂಕಿಗೆ ಹೋದಾಗ ಅಲ್ಲಿನ ಅಧಿಕಾರಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ನನ್ನ ಸಾಲಗಳ ಲೆಕ್ಕ ಇರೋ ಸಿಬಿಲ್ ವರದಿ ತೋರಿಸಿದರು. ಸ್ಕೋರ್ 561. ಆ ಸಾಲದ ಹೆಸರಿನ ಮುಂದೆ 'ಸೆಟಲ್ಡ್' ಅಂತ ಇತ್ತು. ಅದರ ಕೆಳಗೆ ತಿಂಗಳಿಗೊಂದು ಚೌಕ. 000, 000, 000 ಅಂತ ಬಂದು ಬಂದು, ಆಮೇಲೆ 030, 061, 091, 122. ಅವು ಏನು ಸಾರ್ ಅಂದೆ. "ಗಡುವು ದಾಟಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕ ಅಮ್ಮಾ" ಅಂದರು. ದಿನವಿಡೀ ಬೇರೆಯವರ ಬಾಕಿ ಬರೆಯೋಳು ನಾನು, ನನ್ನ ಬಾಕಿಯೂ ಹೀಗೆ ದಿನ ಎಣಿಸಿ ಒಂದು ಕಡೆ ಬರೆದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯಲ್ಲಿ ಸಂಕಟ ಆಯ್ತು.

'ಸೆಟಲ್ಡ್' ಬೇರೆ, 'ಕ್ಲೋಸ್ಡ್' ಬೇರೆ, ಇದನ್ನ ಚೆನ್ನಾಗಿ ತಿಳ್ಕೊಳ್ಳಿ. ಪೂರ್ತಿ ಕಟ್ಟಿ ಮುಗಿಸಿದರೆ ಕ್ಲೋಸ್ಡ್. ಕಡಿಮೆಗೆ ರಾಜಿ ಮಾಡ್ಕೊಂಡರೆ ಸೆಟಲ್ಡ್, ಅಂದರೆ ಸಾಲ ಕೊಟ್ಟವರು ಒಂದಿಷ್ಟು ನಷ್ಟ ಮಾಡ್ಕೊಂಡರು ಅಂತ ಅರ್ಥ. ಮುಂದೆ ಸಾಲ ಕೊಡೋರು ಆ ಪದ ನೋಡಿಯೇ ಹಿಂದೆ ಸರೀತಾರೆ. ನಿಮ್ಮ ಆ್ಯಪ್‌ನವರೂ "ಏಳು ಸಾವಿರ ಕೊಡಿ, ಮುಗಿಸೋಣ" ಅಂತ ಬರಬಹುದು. ಕೈಯಲ್ಲಿ ಆಗುತ್ತೆ ಅಂದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು ಜೋಪಾನವಾಗಿ ಇಡಿ.

ನಾನು ಇದನ್ನ ಹಾಗೇ ಬಿಟ್ಟು ಕಾರ್ಡಿಗೆ ಹೋದೆ. ಒಂದು ವರ್ಷ ಒಂದು ದಿನವೂ ತಪ್ಪಿಸದೆ ಕಟ್ಟಿದೆ, ಸ್ಕೋರ್ 634 ಆಯ್ತು, ಸಾಲ ಮಾತ್ರ ಮತ್ತೆ ಸಿಗಲಿಲ್ಲ. ಆಮೇಲೆ 2023ರಲ್ಲಿ ಉಳಿದ 21,000 ಹೊಂದಿಸಿ ಆ ಕಂಪನಿಗೇ ಕಟ್ಟಿ, ಪತ್ರ ತಗೊಂಡು, ವರದಿಯಲ್ಲಿ ಕ್ಲೋಸ್ಡ್ ಅಂತ ಬದಲಾಯಿಸಿಕೊಂಡ ಮೇಲೇ ದಾರಿ ತೆರೀತು.

ಏಜೆಂಟ್ ವಿಷಯ. ದಯವಿಟ್ಟು ಒಂದು ರೂಪಾಯಿಯೂ ಕೊಡಬೇಡಿ, ಒಟಿಪಿಯಂತೂ ಹೇಳಲೇಬೇಡಿ. ನಿಜವಾಗಿ ತಪ್ಪಿದ ಕಂತನ್ನ ವರದಿಯಿಂದ ಅಳಿಸೋಕೆ ಯಾರಿಂದಲೂ ಆಗಲ್ಲ. ತಪ್ಪಾಗಿ ಬರೆದಿದ್ದರೆ ನೀವೇ ಪುಕ್ಕಟೆ ದೂರು ಕೊಡಬಹುದು, 30 ದಿನದೊಳಗೆ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೇ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ವರದಿ ನೋಡೋಕೂ ದುಡ್ಡು ಬೇಡ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ಈ ವರದಿ ಇಡೋ ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಲೇಬೇಕು. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುತ್ತೆ ಅಂತ ನಮ್ಮ ಓಣಿಯಲ್ಲೂ ಹೇಳ್ತಾರೆ. ಇಳಿಯಲ್ಲ. ಕಂಡ ಕಂಡ ಬ್ಯಾಂಕಿಗೆಲ್ಲ ಕಾರ್ಡ್ ಬೇಕು ಅಂತ ಅರ್ಜಿ ಹಾಕಿದರೆ ಇಳಿಯುತ್ತೆ.

ಈಗ ಕಾರ್ಡ್. ಎಫ್‌ಡಿ ಇಡ್ತೀರಿ, ಅದನ್ನೇ ಜಾಮೀನು ಮಾಡ್ಕೊಂಡು ಬ್ಯಾಂಕ್ ಕಾರ್ಡ್ ಕೊಡುತ್ತೆ. ನಾನು 20,000 ಇಟ್ಟೆ, 18,000 ಲಿಮಿಟ್ ಕೊಟ್ಟರು. ಎಫ್‌ಡಿಗೆ ಅದರ ಬಡ್ಡಿ ಬರ್ತಾನೇ ಇರುತ್ತೆ, ಕಾರ್ಡ್ ಇರೋವರೆಗೆ ಮುರಿಯೋಕೆ ಮಾತ್ರ ಆಗಲ್ಲ. ಹೇಗೂ ನನ್ನ ದುಡ್ಡೇ ಇದೆಯಲ್ಲ, ಕಟ್ಟದಿದ್ದರೆ ಅದರಲ್ಲೇ ಮುರ್ಕೊಳ್ಳಲಿ ಅಂದುಕೊಳ್ಳಬೇಡಿ. ಮುರ್ಕೊಳ್ತಾರೆ, ಜೊತೆಗೆ ತಡವಾದದ್ದು ವರದಿಗೂ ಹೋಗುತ್ತೆ. ತಗೊಳ್ಳೋ ಮುಂಚೆ ಎರಡು ವಿಷಯ ಕೇಳಿ: ವರ್ಷದ ಶುಲ್ಕ ಎಷ್ಟು, ಮತ್ತೆ ಈ ಕಾರ್ಡಿನ ಲೆಕ್ಕ ನಾಲ್ಕೂ ಸಂಸ್ಥೆಗಳಿಗೆ ಹೋಗುತ್ತಾ. ರುಪೇ ಕಾರ್ಡ್ ಸಿಕ್ಕರೆ ಅದನ್ನೇ ತಗೊಳ್ಳಿ. ಯುಪಿಐಗೆ ಜೋಡಿಸಿದರೆ ನಮ್ಮ ನಿಟುವಳ್ಳಿಯ ಕಿರಾಣಿ ಅಂಗಡಿ ಕ್ಯೂಆರ್‌ನಲ್ಲೂ ನಡೆಯುತ್ತೆ, ಸ್ವೈಪ್ ಮೆಷಿನ್ ಹುಡುಕೋದು ಬೇಡ.

ನಾನು ಅದರಲ್ಲಿ ಮೂರೇ ಖರ್ಚು ಮಾಡ್ತೀನಿ: ತಿಂಗಳ ಕಿರಾಣಿ, ಅತ್ತೆಯವರ ಬಿಪಿ ಮಾತ್ರೆ, ಮೂರು ಮೊಬೈಲ್‌ಗಳ ರೀಚಾರ್ಜ್. ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ. ಕಾರ್ಡ್ ಇಲ್ಲದಿದ್ದರೂ ಆ ಖರ್ಚು ಇದ್ದೇ ಇರುತ್ತಿತ್ತು, ಸಂಬಳದಲ್ಲಿ ಅದರ ದುಡ್ಡು ಮೊದಲೇ ಎತ್ತಿಟ್ಟಿರ್ತೀನಿ. ಕಾರ್ಡ್ ಬಂತು ಅಂತ ಹೊಸದಾಗಿ ಒಂದು ಖರ್ಚೂ ಹುಟ್ಟಬಾರದು. ಲಿಮಿಟ್‌ನ ಶೇಕಡ 30ರ ಒಳಗೇ ಇರಿ ಅಂತ ಎಲ್ಲರೂ ಹೇಳ್ತಾರೆ, ನನ್ನ ಲಿಮಿಟ್‌ಗೆ ಅದು 5,400 ಆಗುತ್ತೆ.

ಇದು ಯಾಕೆ ಮುಖ್ಯ ಅಂತ 2024ರ ದುಗ್ಗಮ್ಮನ ಜಾತ್ರೆಯಲ್ಲಿ ಅರ್ಥ ಆಯ್ತು. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಮನೆ ತುಂಬಾ ನೆಂಟರು. ಬಟ್ಟೆ, ಕಿರಾಣಿ ಅಂತ 14,000 ಕಾರ್ಡಿನಲ್ಲೇ ಹೋಯ್ತು. ದುಡ್ಡು ಎತ್ತಿಟ್ಟಿದ್ದೆ, ಗಡುವಿಗೆ ಐದು ದಿನ ಮುಂಚೆಯೇ ಪೂರ್ತಿ ಕಟ್ಟಿದೆ. ಆದರೂ ಮುಂದಿನ ತಿಂಗಳು ಸ್ಕೋರ್ ಕೆಳಗೆ ಬಂತು. ಯಾಕಂದರೆ ಬಿಲ್ ತಯಾರಾದ ದಿನ 18,000ದಲ್ಲಿ 14,000 ಬಾಕಿ ಅಂತ ಲೆಕ್ಕ ಹೋಗಿತ್ತು. ಬಿಲ್ ಆಗೋ ಮುಂಚೆಯೇ ಹತ್ತು ಸಾವಿರ ಕಟ್ಟಿಬಿಟ್ಟಿದ್ದರೆ ಹಾಗೆ ಕಾಣ್ತಿರಲಿಲ್ಲ. ಖರ್ಚು ಕಮ್ಮಿ ಮಾಡಿದ ಮೇಲೆ ಸ್ಕೋರ್ ಮೊದಲಿನ ಜಾಗಕ್ಕೆ ಬಂತು. 2025ರ ಜನವರಿಯಲ್ಲಿ, ಬ್ಯಾಂಕ್‌ಗಳು 15 ದಿನಕ್ಕೊಮ್ಮೆಯಾದರೂ ಆ ಸಂಸ್ಥೆಗಳಿಗೆ ಲೆಕ್ಕ ಕಳಿಸಬೇಕು ಅನ್ನೋ ನಿಯಮ ಬಂತು, ಹಾಗಾಗಿ ಈಗ ತಿಂಗಳಿಡೀ ಬಾಕಿ ಕಮ್ಮಿ ಇಟ್ಕೊಳ್ಳೋದೇ ಒಳ್ಳೇದು. ದೊಡ್ಡ ಖರ್ಚು ಬಂದರೆ ಎರಡು ದಿನದಲ್ಲೇ ಕಟ್ಟಿಬಿಡಿ.

ಬಿಲ್‌ನಲ್ಲಿ ಎರಡು ಮೊತ್ತ ಇರುತ್ತೆ, ಒಟ್ಟು ಬಾಕಿ ಒಂದು, ಕನಿಷ್ಠ ಬಾಕಿ ಇನ್ನೊಂದು. ಎರಡನೇದನ್ನ ಕಣ್ಣೆತ್ತಿಯೂ ನೋಡಬೇಡಿ. ನಮ್ಮ ಅಂಗಡಿಯ ಹಮಾಲರ ಹುಡುಗನೊಬ್ಬ ಎಂಟು ತಿಂಗಳು ಅದನ್ನೇ ಕಟ್ಟಿಕೊಂಡು ಬಂದಿದ್ದ. ಕೂತು ಲೆಕ್ಕ ಹಾಕಿ ತೋರಿಸಿದೆ: ಬಿಲ್ 10,000, ಕನಿಷ್ಠ ಅಂತ 500 ಕಟ್ಟಿದೆ ಅಂದ್ಕೊ. ಉಳಿದ 9,500ಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ ಅಂದರೆ 332, ಆ ಬಡ್ಡಿ ಮೇಲೆ ಶೇಕಡ 18 ಜಿಎಸ್‌ಟಿ 60. ನೀನು ಕಟ್ಟಿದ 500ರಲ್ಲಿ 392 ಹೀಗೇ ಹೋಯ್ತು. ಅದರ ಮೇಲೆ, ಪೂರ್ತಿ ಕಟ್ಟದಿದ್ದರೆ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ. ಅವನು ಸುಮ್ಮನೆ ಕೂತುಬಿಟ್ಟ, "ಅಕ್ಕಾ, ಇದನ್ನ ಯಾರೂ ಹೇಳ್ಲಿಲ್ಲ" ಅಂದ. ಸ್ಕೋರ್‌ಗೆ ಕನಿಷ್ಠ ಕಟ್ಟಿದರೂ ತಪ್ಪಿದ ಕಂತು ಅಂತ ಬೀಳಲ್ಲ, ಸರಿ. ಆದರೆ ಸಾಲದಿಂದ ಎದ್ದು ಬರೋಕೆ ಹೊರಟವರಿಗೆ ವರ್ಷಕ್ಕೆ ಶೇಕಡ 42ರ ಬಡ್ಡಿ ಯಾಕೆ ಬೇಕು? ಎಟಿಎಂನಲ್ಲಿ ಈ ಕಾರ್ಡ್ ಹಾಕಿ ನಗದು ತೆಗೆಯೋದೂ ಬೇಡವೇ ಬೇಡ, ಅದಕ್ಕೆ ಶುಲ್ಕವೂ ಇದೆ, ಮೊದಲ ದಿನದಿಂದ ಬಡ್ಡಿಯೂ ಇದೆ.

ಆಟೋಪೇ ಹಾಕಿ, ಬಿಲ್ ದುಡ್ಡು ಖಾತೆಯಿಂದ ತಾನಾಗೇ ಹೋಗುತ್ತೆ. ಹಾಕುವಾಗ 'ಒಟ್ಟು ಬಾಕಿ' ಅಂತಲೇ ಆರಿಸಿ. ಎಷ್ಟೋ ಕಡೆ ಕನಿಷ್ಠ ಬಾಕಿಗೇ ಟಿಕ್ ಬಿದ್ದಿರುತ್ತೆ. ನಿಮಗೆ ಸಂಬಳ 10ಕ್ಕೆ ಅಂತ ಬರೆದಿದೀರಿ. ಗಡುವು ಅದಕ್ಕಿಂತ ಮುಂಚೆ ಬಿದ್ದರೆ ಬಿಲ್ ಆಗೋ ದಿನ ಬದಲಾಯಿಸಿ ಅಂತ ಬ್ಯಾಂಕಿಗೆ ಕೇಳಿ, ಕನಿಷ್ಠ ಒಂದು ಸಲ ಬದಲಾಯಿಸೋ ಅವಕಾಶವನ್ನ ರಿಸರ್ವ್ ಬ್ಯಾಂಕೇ ನಮಗೆ ಕೊಟ್ಟಿದೆ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡ ಅಂತ ವರದಿ ಮಾಡಬೇಕು ಅನ್ನೋ ನಿಯಮವೂ ಇದೆ. ಅದು ಆಪತ್ತಿಗೆ ಇರಲಿ, ರೂಢಿ ಮಾಡ್ಕೋಬೇಡಿ.

ಎಷ್ಟು ತಿಂಗಳು ಬೇಕು ಅಂತ ಕೇಳಿದೀರಿ. ನನ್ನದು ಹೇಳ್ತೀನಿ: 561ರಿಂದ ಶುರು, ಒಂದು ವರ್ಷಕ್ಕೆ 634, ಹಳೇ ಸಾಲ ಸರಿಮಾಡಿ ಇನ್ನೊಂದು ವರ್ಷ ಕಳೆದ ಮೇಲೆ 742. ಆಗ ಯಜಮಾನರ ಗಾಡಿ ಸಾಲ ಪಾಸಾಯ್ತು. ನಿಮ್ಮ ಬಾಕಿ ನನ್ನದಕ್ಕಿಂತ ಚಿಕ್ಕದು, ಸೆಟಲ್‌ಮೆಂಟೂ ಇನ್ನೂ ಆಗಿಲ್ಲ, ಬೇಗ ಮೇಲೆ ಬರೋ ಅವಕಾಶ ನಿಮಗಿದೆ. ಆರು ತಿಂಗಳಲ್ಲಿ ಏನೂ ಆಗಲಿಲ್ಲ ಅಂತ ಕಾರ್ಡ್ ವಾಪಸ್ ಕೊಟ್ಟು ಎಫ್‌ಡಿ ಬಿಡಿಸ್ಕೋಬೇಡಿ. ಹಳೇ ಚೌಕಗಳಲ್ಲಿ 091 ಇರೋ ಕಡೆ ಹೊಸ 000ಗಳು ಒಂದೊಂದಾಗಿ ಬಂದು ಕೂರಬೇಕು. ವರದಿಯಲ್ಲಿ ಕಾಣೋದು ಈಚಿನ 36 ತಿಂಗಳ ಚೌಕಗಳು.

ಈ ವಾರ ವರದಿ ತೆಗೆಸಿ, ಆ್ಯಪ್ ಸಾಲದ ಮುಂದೆ ಯಾವ ಕಂಪನಿಯ ಹೆಸರಿದೆ ನೋಡಿ. ಆ್ಯಪ್ ಹೆಸರೇ ಬೇರೆ, ದುಡ್ಡು ಕೊಟ್ಟ ಫೈನಾನ್ಸ್ ಕಂಪನಿ ಬೇರೆ ಇರುತ್ತೆ, ಪತ್ರ ಬರಬೇಕಾದ್ದು ಆ ಕಂಪನಿಯಿಂದ. ಅಲ್ಲಿ ಏನು ಬರೆದಿದೆ ಅಂತ ಇಲ್ಲೇ ತಿಳಿಸಿ, ಮುಂದಿನದು ಹೇಳ್ತೀನಿ. ಪ್ಯಾನ್ ನಂಬರ್ ಕಾಣೋ ಫೋಟೋ ಮಾತ್ರ ಹಾಕಬೇಡಿ.