ಫೋಮ್ ಫಿಲ್ಟರನ್ನು ಒಣಗಿಸಿ ಹಾಗೇ ಹಾಕಬೇಡಿ

ನಿಮ್ಮ ಎಟಿವಿಯ (ಮಣ್ಣು, ಕೆಸರಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಏರ್ ಫಿಲ್ಟರಿನ ಫೋಟೋ ನೋಡಿ ಎದೆ ಧಸಕ್ ಎಂದಿತು. ಪ್ರತಿ ರೈಡ್ ಆದಮೇಲೆ ಫಿಲ್ಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಹಾಗೇ ಹಾಕ್ತೀನಿ ಅಂದಿದ್ದೀರಿ. ಈಗ ಪಿಕಪ್ ಬಿದ್ದಿದೆ, ಕಾರ್ಬ್ (ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್) ಟ್ಯೂನ್ ಮಾಡಿಸಲಾ ಅಂತ ಕೇಳಿದ್ದೀರಿ. ಕಾರ್ಬ್ ತಂಟೆಗೆ ಈಗಲೇ ಹೋಗಬೇಡಿ. ನಾನು ಇದೇ ತಪ್ಪು ಎರಡು ವರ್ಷ ಮಾಡಿ ಒಂದು ಪಿಸ್ಟನ್ ಕಳೆದುಕೊಂಡಿದ್ದೇನೆ.

ಮೊದಲು ಬೆರಳಿಗೆ ಬಿಳಿ ಬಟ್ಟೆ ಸುತ್ತಿ, ಏರ್‌ಬಾಕ್ಸಿನಿಂದ (ಫಿಲ್ಟರ್ ಕೂರುವ ಡಬ್ಬಿ) ಕಾರ್ಬ್ ಕಡೆ ಹೋಗುವ ರಬ್ಬರ್ ಪೈಪಿನ ಒಳಗೆ ಒರೆಸಿ. ಅಲ್ಲಿ ಧೂಳು ಇರಲೇಬಾರದು. ನನ್ನದರಲ್ಲಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣನೆ ಧೂಳು. ಫಿಲ್ಟರ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು! ಧೂಳೆಲ್ಲ ಅದನ್ನು ದಾಟಿ ಒಳಗೆ ಹೋಗಿತ್ತು. ಅಷ್ಟರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಶುರುವಾಗಿತ್ತು, ಆಯಿಲ್ ಲೆವೆಲ್ ಇಳಿಯುತ್ತಿತ್ತು. ಗ್ಯಾರೇಜಿನವರು ಪ್ಲಗ್ ಬದಲಿಸಿ ಕಳಿಸಿದರು, ನಾನೂ ನಂಬಿದೆ. ಕೊನೆಗೆ ಹೆಡ್ ಬಿಚ್ಚಿದಾಗ ಬೋರಿನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆ) ಎಣ್ಣೆ ಹಿಡಿದಿಡುವ ಸಣ್ಣ ಹೋನಿಂಗ್ ಗೆರೆಗಳೇ ಇರಲಿಲ್ಲ. ಮೇಲಿಂದ ಕೆಳಗೆ ಉದ್ದುದ್ದ ಗೀರು. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕಾಯಿತು.

ಫೋಮಿನ ತೂತು ದೊಡ್ಡದು. ನುಣ್ಣನೆ ಧೂಳನ್ನು ಹಿಡಿಯುವುದು ಫೋಮ್ ಅಲ್ಲ, ಅದರ ಮೇಲಿನ ಅಂಟು ಎಣ್ಣೆ. ಒಣ ಫೋಮ್ ಎಲೆ, ಕಡ್ಡಿ, ದಪ್ಪ ಮರಳು ತಡೆಯಬಹುದು, ಅಷ್ಟೇ.

ಪೆಟ್ರೋಲಿನಲ್ಲಿ ತೊಳೆಯುವುದನ್ನು ಇವತ್ತೇ ಬಿಡಿ. ಬೆಂಕಿಯ ಅಪಾಯ ಒಂದು ಕಡೆ, ಫೋಮಿನ ಅಂಟು ಬಿಟ್ಟು ಹೊಲಿಗೆ ಜಾಗದಲ್ಲಿ ಬಾಯಿ ತೆರೆಯುವುದು ಇನ್ನೊಂದು ಕಡೆ. ಫಿಲ್ಟರ್ ಕ್ಲೀನರ್ ಬಳಸಿ, ಆಮೇಲೆ ಸೋಪು ಹಾಕಿದ ಉಗುರು ಬೆಚ್ಚಗಿನ ನೀರು. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ಹರಿಯುತ್ತದೆ. ಅಂಗೈಯಲ್ಲಿ ಒತ್ತಿ ನೀರು ತೆಗೆಯಿರಿ. ನೆರಳಲ್ಲಿ ಇಡೀ ರಾತ್ರಿ ಒಣಗಲಿ.

ಎಣ್ಣೆ ಹಾಕಲು ನಾನು ಪ್ಲಾಸ್ಟಿಕ್ ಕವರ್ ಬಳಸುತ್ತೇನೆ. ಫಿಲ್ಟರ್ ಒಳಗಿಟ್ಟು, ಫಿಲ್ಟರ್ ಆಯಿಲ್ ಸುರಿದು, ಕವರಿನ ಹೊರಗಿನಿಂದಲೇ ಹಿಟ್ಟು ನಾದಿದ ಹಾಗೆ ನಾದುತ್ತೇನೆ. ಬಣ್ಣ ಎಲ್ಲ ಕಡೆ ಒಂದೇ ಸಮ ಬರಬೇಕು. ಒಂದು ಮೂಲೆ ಬಿಳಿ ಉಳಿದರೂ ಧೂಳು ಅಲ್ಲೇ ನುಗ್ಗುತ್ತದೆ. ಹೆಚ್ಚಾದದ್ದನ್ನು ಒತ್ತಿ ತೆಗೆಯಿರಿ. ತೊಟ್ಟಿಕ್ಕುತ್ತಿದ್ದರೆ ಗಾಳಿ ಎಳೆಯದೆ ಗಾಡಿ ರಿಚ್ ಓಡುತ್ತದೆ, ಅಂದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಫಿಲ್ಟರ್ ಏರ್‌ಬಾಕ್ಸಿಗೆ ಕೂರುವ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಇದನ್ನು ತುಂಬಾ ಜನ ಬಿಡುತ್ತಾರೆ, ಆಮೇಲೆ ಧೂಳು ಪಕ್ಕದಿಂದ ಬಂತು ಅಂತಾರೆ. ನಿಮ್ಮದು ಪೇಪರ್ ಫಿಲ್ಟರ್ ಆಗಿದ್ದರೆ ಇದ್ಯಾವುದೂ ಬೇಡ, ಎಣ್ಣೆ ಮುಟ್ಟಿಸಲೇಬೇಡಿ.

ಎಂಜಿನ್ ಆಯಿಲ್ ಹಚ್ಚಿದರೆ ಸಾಲದಾ ಅಂತ ಯಾರೋ ಕೇಳಿದ್ದರು. ನಿಂತ ಗಾಡಿಯಲ್ಲಿ ಅದು ಕೆಳಗಿಳಿದು ಮೇಲ್ಭಾಗ ಒಣಗುತ್ತದೆ. ನನಗೆ ಟ್ವಿನ್ ಏರ್ ಕಂಪನಿಯ ಫೋಮ್ ಇಷ್ಟ, ಎಣ್ಣೆಗೆ ಮೋಟುಲ್ ಕಂಪನಿಯ ಫಿಲ್ಟರ್ ಆಯಿಲ್ ಸಾಕು. ನೋ ಟಾಯ್ಲ್ ಕಂಪನಿಯ ಫಿಲ್ಟರ್ ಆಯಿಲ್ ಕೂಡ ಒಳ್ಳೆಯದೇ, ಆದರೆ ಹಳೇ ಎಣ್ಣೆ ಪೂರ್ತಿ ತೊಳೆಯದೆ ಅದರ ಮೇಲೆ ಇದನ್ನು ಹಾಕಬೇಡಿ.

ಏರ್‌ಬಾಕ್ಸ್ ತಳದಲ್ಲಿರುವ ಡ್ರೈನ್ ಟ್ಯೂಬನ್ನೂ ನೋಡಿ. ಅದರಲ್ಲಿ ನೀರು ನಿಂತಿದ್ದರೆ ಆಯಿಲ್ ಡಿಪ್‌ಸ್ಟಿಕ್ ತೆಗೆಯಿರಿ. ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ, ಬದಲಿಸಿ. ವೆಟ್ ಕ್ಲಚ್ (ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಕ್ಲಚ್) ಗಾಡಿಗೆ ಡಬ್ಬಿ ಮೇಲೆ ಜಾಸೋ (JASO) ಎಂಎ ಅಥವಾ ಎಂಎ2 ಗುಣಮಟ್ಟ ಬರೆದಿರುವ ಆಯಿಲೇ ಬೇಕು. ಕಾರಿನ ಆಯಿಲ್ ಹಾಕಿ ಕ್ಲಚ್ ಸ್ಲಿಪ್ ಆಗ್ತಿದೆ ಅನ್ನಬೇಡಿ.

ನಿಮ್ಮ ಫೋಟೋದಲ್ಲಿ ಪಕ್ಕದಲ್ಲೇ ಪ್ರೆಷರ್ ವಾಷರ್ ಕಾಣುತ್ತಿದೆ. ದಯವಿಟ್ಟು ಅದನ್ನು ವೀಲ್ ಬೇರಿಂಗ್ ಸೀಲಿಗೆ, ಸಿವಿ ಬೂಟಿಗೆ (ಚಕ್ರದ ಆಕ್ಸಲ್ ಜಾಯಿಂಟಿನ ರಬ್ಬರ್ ಮುಚ್ಚಳ), ರೇಡಿಯೇಟರ್ ರೆಕ್ಕೆಗಳಿಗೆ ಹತ್ತಿರದಿಂದ ಹಿಡಿಯಬೇಡಿ. ಕೆಸರು ನೆನೆಯಲು ಬಿಟ್ಟು ಸಾದಾ ಪೈಪಿನಲ್ಲಿ ತೊಳೆಯಿರಿ. ತೊಳೆದ ಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಿಸಿ. ಬೂಟಿನಲ್ಲಿ ಚಿಕ್ಕ ಸೀಳು ಕಂಡರೂ ಬದಲಿಸಿ, ಗ್ರೀಸ್ ಹೊರಗೆ ಬಂದರೆ ಜಾಯಿಂಟೇ ಹೋಗುತ್ತದೆ. ಹಾಗೆಯೇ ಟೈರ್ ಗಾಳಿಗೆ ಕಾರಿನ ಗೇಜ್ ಹಿಡಿಯಬೇಡಿ. ಹೆಚ್ಚಿನ ಎಟಿವಿಗೆ 4ರಿಂದ 7 ಪಿಎಸ್‌ಐ ಸಾಕು, ಅಷ್ಟು ಕಮ್ಮಿಯನ್ನು ಕಾರಿನ ಗೇಜ್ ಸರಿಯಾಗಿ ತೋರಿಸುವುದಿಲ್ಲ.

ಪಿಸ್ಟನ್ ಸವೆದಿದೆಯಾ ಅಂತ ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಚೆಕ್ ಮಾಡಿಸುವಾಗಲೂ ಒಂದು ಎಚ್ಚರ. ಆಟೋ ಡಿಕಂಪ್ರೆಷನ್ (ಸ್ಟಾರ್ಟ್ ಸುಲಭವಾಗಲು ಒತ್ತಡ ತಾನಾಗಿ ಬಿಡುವ ವ್ಯವಸ್ಥೆ) ಇರುವ ಎಂಜಿನ್ನಿನಲ್ಲಿ ರೀಡಿಂಗ್ ಸುಮ್ನೆ ಕಮ್ಮಿ ಬರುತ್ತದೆ, ಅದನ್ನು ನೋಡಿ ಹೆದರಬೇಡಿ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಕೇಳಿ.

ಪೈಪ್ ಒರೆಸಿದ ಬಟ್ಟೆಯ ಫೋಟೋ ಇಲ್ಲಿ ಹಾಕಿ, ಆಯಿಲ್ ಎಷ್ಟು ಇಳಿದಿದೆ ಅಂತಾನೂ ಬರೆಯಿರಿ. ಅಲ್ಲಿಯವರೆಗೆ ಆ ಒಣ ಫಿಲ್ಟರಿನಲ್ಲಿ ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ.