ಪೂರೈಕೆ ಸರಪಳಿಯನ್ನು ಮೊದಲು ಜೋಡಿಸಬೇಕಾದದ್ದು ಒಳಗೋ, ಹೊರಗೋ?

ಇಆರ್‌ಪಿ (ಕಂಪನಿಯ ಎಲ್ಲ ವಿಭಾಗಗಳ ಲೆಕ್ಕವನ್ನು ಒಂದೆಡೆ ಇಡುವ ಸಾಫ್ಟ್‌ವೇರ್) ಹಾಕಿಸಿದ ಮೇಲೂ ಒಂದೆಡೆ ಸ್ಟೋರ್ಸ್ ತುಂಬಿ ತುಳುಕುತ್ತಿದೆ, ಇನ್ನೊಂದೆಡೆ ಬೇಕಾದ ಭಾಗವೇ ಇಲ್ಲದೆ ಉತ್ಪಾದನಾ ಲೈನ್ ನಿಲ್ಲುತ್ತಿದೆ, ಪೂರೈಕೆದಾರರನ್ನೂ ಅದೇ ವ್ಯವಸ್ಥೆಗೆ ಸೇರಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ವಾಹನ ಬಿಡಿಭಾಗಗಳ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿರುವ ನಾನು ಹೇಳುವುದಾದರೆ, ಈಗಲೇ ಸೇರಿಸಬೇಡಿ.

ಮೊದಲು ನಿಮ್ಮ ಕಂಪನಿಯೊಳಗೆ ಒಂದೇ ಭಾಗಕ್ಕೆ ಎಷ್ಟು ಅಂಕಿಗಳು ಓಡಾಡುತ್ತಿವೆ ಎಂಬುದನ್ನು ನೋಡಿ. ಸೇಲ್ಸ್‌ನವರು ತಿಂಗಳಿಗೆ 1,000 ಎನ್ನುತ್ತಾರೆ, ಅಷ್ಟು ಹೋಗಲಾರದೆಂದು ಪ್ರೊಡಕ್ಷನ್‌ನವರು 800ಕ್ಕೆ ಸಿದ್ಧರಾಗುತ್ತಾರೆ, ಹೆಚ್ಚು ಕೊಂಡರೆ ದರ ಇಳಿಯುತ್ತದೆಂದು ಪರ್ಚೇಸ್‌ನವರು 1,500ಕ್ಕೆ ಆರ್ಡರ್ ಹಾಕುತ್ತಾರೆ. ಮೂರೂ ಇಆರ್‌ಪಿಯಲ್ಲಿ ಚೊಕ್ಕವಾಗಿ ದಾಖಲಾಗಿರುತ್ತವೆ. ಪರ್ಚೇಸ್ ವಿಭಾಗದ ಸಾಧನೆಯನ್ನು ಕೇವಲ ಕಡಿಮೆ ದರದಿಂದ ಅಳೆಯುವವರೆಗೆ ಇದು ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಮೂವರೂ ಕೂತು ಒಂದೇ ಅಂಕಿಗೆ ಒಪ್ಪಬೇಕು.

ಹೊರಗಿನವರಿಗೆ ಕೊಡಬೇಕಾದದ್ದು ಆರ್ಡರ್ ಮಾತ್ರವಲ್ಲ, ನಿಜವಾದ ಬಳಕೆಯ ಲೆಕ್ಕ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ತನ್ನ ಪ್ಯಾಂಪರ್ಸ್ ಡೈಪರ್‌ಗಳ ಲೆಕ್ಕ ತೆಗೆದಾಗ, ಅಂಗಡಿಗಳ ಮಾರಾಟ ಹೆಚ್ಚುಕಡಿಮೆ ಸಮವಾಗಿದ್ದರೂ ವಿತರಕರ ಆರ್ಡರ್‌ಗಳು ವಿಪರೀತ ಏರಿಳಿಯುತ್ತಿದ್ದುದು, ತಾನೇ ಕಚ್ಚಾವಸ್ತುವಿಗೆ ಕೊಡುತ್ತಿದ್ದ ಆರ್ಡರ್‌ಗಳು ಅದಕ್ಕಿಂತಲೂ ಏರಿಳಿಯುತ್ತಿದ್ದುದು ಕಂಡುಬಂತು. ಅಂದರೆ ಆರ್ಡರ್ ಮಾತ್ರ ನೋಡುವವರಿಗೆ ನಿಜವಾದ ಬೇಡಿಕೆ ಕಾಣುವುದಿಲ್ಲ.

ಇಷ್ಟಾದರೂ ಸಂಬಂಧ ಗಟ್ಟಿಯಿಲ್ಲದಿದ್ದರೆ ಮಾಹಿತಿ ಕೆಲಸಕ್ಕೆ ಬಾರದು. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿದ್ದ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಅಂಗೈಯಗಲದ ಒಂದು ವಾಲ್ವ್ ಬಹುಪಾಲು ಅಲ್ಲಿಯೇ ತಯಾರಾಗುತ್ತಿತ್ತು. ಟೊಯೋಟಾ ಬಳಿ ಇದ್ದದ್ದು ಕೆಲವೇ ಗಂಟೆಗಳ ದಾಸ್ತಾನು. ಜಪಾನಿನಲ್ಲಿದ್ದ ಅದರ ಬಹುತೇಕ ಜೋಡಣಾ ಘಟಕಗಳು ನಿಂತವು. ಆಗ ಐಸಿನ್ ತನ್ನ ನಕ್ಷೆಗಳನ್ನು ಇತರರ ಕೈಗಿತ್ತಿತು, ಹೊಲಿಗೆ ಯಂತ್ರ ತಯಾರಿಸುವ ಬ್ರದರ್ ಸೇರಿದಂತೆ ಹತ್ತಾರು ಕಂಪನಿಗಳು ಬೆಲೆಯ ಚೌಕಾಸಿಗೆ ನಿಲ್ಲದೆ ಆ ವಾಲ್ವ್ ತಯಾರಿಕೆಗೆ ಇಳಿದವು, ಸುಮಾರು ಒಂದು ವಾರದಲ್ಲಿ ಘಟಕಗಳು ಮತ್ತೆ ಓಡಿದವು. ಒಂದೇ ಮೂಲವನ್ನು ಅಷ್ಟು ನಂಬಿದ್ದು ತಪ್ಪೆಂದೇ ನನ್ನ ನಿಲುವು. ಆದರೆ ಆ ಸ್ಪಂದನೆಯನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು.

ಆದ್ದರಿಂದ, ಒಳಗಿನ ಅಂಕಿ ಒಂದಾದ ಮೇಲೆ, ನಿಮ್ಮ ಲೈನನ್ನು ಅತಿ ಹೆಚ್ಚು ಸಲ ನಿಲ್ಲಿಸುತ್ತಿರುವ ಭಾಗದ ಪೂರೈಕೆದಾರರೊಬ್ಬರನ್ನೇ ಆರಿಸಿಕೊಳ್ಳಿ. ಅವರಿಗೆ ದಿನದ ಬಳಕೆಯನ್ನೂ ಎರಡು ವಾರಗಳ ಬದಲಾಗದ ಶೆಡ್ಯೂಲನ್ನೂ ಕೊಡಿ; ಆ ಅವಧಿಯೊಳಗೆ ನೀವೇ ಶೆಡ್ಯೂಲ್ ಇಳಿಸಿದರೆ, ಅವರು ತಯಾರಿಸಿಟ್ಟ ಮಾಲಿನ ಹಣ ನಿಮ್ಮದೆಂದು ಒಪ್ಪಂದದಲ್ಲಿ ಬರೆಯಿರಿ.