60 ಸಾವಿರ ಗೆದ್ದಿದ್ದೇನೆ, ನನ್ನ ಪೋಕರ್ ಆಟ ಸುಧಾರಿಸಿದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಹದಿನಾಲ್ಕು ತಿಂಗಳಿಂದ ರಜೆ ಸಿಕ್ಕಾಗಲೆಲ್ಲ ಗೋವಾಕ್ಕೆ ಹೋಗಿ ಕ್ಯಾಸಿನೊದಲ್ಲಿ ಪೋಕರ್ ಆಡುತ್ತೇನೆ. ಬಿಗ್ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಒಬ್ಬರು ಕಡ್ಡಾಯವಾಗಿ ಕಟ್ಟುವ ಹಣ) 100 ರೂಪಾಯಿ. ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 300 ಗಂಟೆ ಆಟ, 60 ಸಾವಿರ ಲಾಭ. ಆದರೆ ಕಳೆದ ಎರಡು ತಿಂಗಳು ಬರೀ ಸೋಲು. ನನ್ನ ಆಟ ಸುಧಾರಿಸಿದೆಯಾ? ಕೆಲಸ ಬಿಟ್ಟು ಇದನ್ನೇ ಹಿಡಿಯಬಹುದಾ?

ಉತ್ತರ: ಲೆಕ್ಕ ಬರೆದಿಟ್ಟಿದ್ದೀರಲ್ಲ, ಅದು ತುಂಬಾ ಒಳ್ಳೆಯದು. ಬಹಳ ಜನ ಗೆದ್ದ ರಾತ್ರಿಯನ್ನಷ್ಟೇ ನೆನಪಿಡುತ್ತಾರೆ. ಆದರೆ ದಯವಿಟ್ಟು ಕೆಲಸ ಬಿಡಬೇಡಿ. ಈ 60 ಸಾವಿರವನ್ನು ನಂಬಿ ಅಷ್ಟು ದೊಡ್ಡ ಹೆಜ್ಜೆ ಇಡುವ ಹಾಗಿಲ್ಲ.

ಕ್ಯಾಸಿನೊ ಟೇಬಲ್‌ನಲ್ಲಿ ಗಂಟೆಗೆ ಸುಮಾರು 25 ಹ್ಯಾಂಡ್ (ಎಲೆ ಹಂಚಿ ಆಡಿ ಮುಗಿಸುವ ಒಂದೊಂದು ಸುತ್ತು) ಆಗುತ್ತವೆ. ಅಂದರೆ ನೀವು ಆಡಿರುವುದು 7,500 ಹ್ಯಾಂಡ್, ಗೆದ್ದದ್ದು 600 ಬಿಗ್ ಬ್ಲೈಂಡ್. ಎಷ್ಟು ಬೇಕಾದರೂ ಪಣ ಕಟ್ಟಬಹುದಾದ ನೋ-ಲಿಮಿಟ್ ಹೋಲ್ಡೆಮ್ ಅನ್ನುವ ಪೋಕರ್‌ನಲ್ಲಿ ಇಷ್ಟು ಆಟಕ್ಕೆ ಬರೀ ಅದೃಷ್ಟದಿಂದಲೇ 700–800 ಬಿಗ್ ಬ್ಲೈಂಡ್ ಆ ಕಡೆ ಈ ಕಡೆ ಆಗುವುದು ಮಾಮೂಲು. ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟದ ಐದು ಜನ ನಿಮ್ಮಷ್ಟೇ ಆಡಿದರೆ, ಅವರಲ್ಲೊಬ್ಬರಿಗೆ ಸುಮ್ನೆ ಇಷ್ಟು ಲಾಭ ಬಂದಿರುತ್ತದೆ. ಎರಡು ತಿಂಗಳ ಸೋಲಿಗೂ ಇದೇ ಮಾತು. ಎರಡು ಎಕ್ಕ ಹಿಡಿದು ಎರಡು ರಾಜರ ಎದುರು ಆಲ್-ಇನ್ ಆದರೂ, ಅಂದರೆ ಮುಂದಿರುವ ಹಣವನ್ನೆಲ್ಲ ಹಾಕಿದರೂ, ನೂರಕ್ಕೆ ಸುಮಾರು 18 ಸಲ ಸೋಲುತ್ತೇವೆ, ಅಲ್ವಾ?

ಒಂದು ಲಕ್ಷ ಹ್ಯಾಂಡ್ ಆಡಿದ ಮೇಲೆ ಲಾಭ-ನಷ್ಟದ ಲೆಕ್ಕವನ್ನು ಸ್ವಲ್ಪ ನಂಬಬಹುದು. ನೀವು ಈಗ ಆಡುತ್ತಿರುವ ವೇಗಕ್ಕೆ ಅದು ಹದಿನೈದು ವರ್ಷದ ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ, ಹಾಗಾಗಿ ಬೇಗ ಮುಗಿಸೋಣ ಅಂತ ಆ ಕಡೆ ಹೋಗಲೇಬೇಡಿ.

ಅಷ್ಟು ವರ್ಷ ಕಾಯುವ ಬದಲು ನಿಮ್ಮ ನಿರ್ಧಾರಗಳನ್ನು ನೋಡಿ. ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗಲು ಒಂದು ಎಲೆ ಬೇಕು, ರಿವರ್ (ಟೇಬಲ್ ಮೇಲೆ ಬೀಳುವ ಕೊನೆಯ ಎಲೆ) ಮಾತ್ರ ಬಾಕಿ ಅಂದುಕೊಳ್ಳಿ. ಪಾಟ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿದ ಹಣದಲ್ಲಿ, 6,000 ಇದೆ. ಎದುರಾಳಿ ತನ್ನ ಕೊನೆಯ 3,000 ಹಾಕುತ್ತಾನೆ. ನಿಮಗೆ ಕಾಣದ 46 ಎಲೆಗಳಲ್ಲಿ ಬೇಕಾದವು 9. ಐದರಲ್ಲಿ ಒಂದಕ್ಕಿಂತ ಚೂರು ಕಡಿಮೆ. ಕಾಲ್ ಮಾಡುವುದು, ಅಂದರೆ ಆ 9,000ಕ್ಕಾಗಿ ನೀವೂ 3,000 ಹಾಕುವುದು, ಗಿಟ್ಟಬೇಕಾದರೆ ನಾಲ್ಕರಲ್ಲಿ ಒಂದು ಸಲ ಗೆಲ್ಲಬೇಕು. ಆದರೂ ಕಾಲ್ ಮಾಡಿದಿರಿ, ಎಲೆ ಬಂತು. ಪುಸ್ತಕದಲ್ಲಿ 9,000 ಲಾಭ ಅಂತ ಕೂರುತ್ತದೆ. ಅಂಥ ಒಂದೊಂದು ಕಾಲ್‌ಗೂ ಸರಾಸರಿ 650 ರೂಪಾಯಿ ಕೈಬಿಟ್ಟು ಹೋಗುತ್ತಿರುತ್ತದೆ, ಅದು ಎಲ್ಲೂ ಕಾಣುವುದಿಲ್ಲ.

ಅದಕ್ಕೇ ಪ್ರತಿ ಸಲ ಕಷ್ಟ ಅನಿಸಿದ ಮೂರು ಹ್ಯಾಂಡ್ ಬರೆದಿಡಿ. ಪಾಟ್ ಎಷ್ಟಿತ್ತು, ಎದುರಾಳಿ ಹತ್ತಿರ ಏನಿದೆ ಅಂದುಕೊಂಡಿರಿ, ಯಾಕೆ ಹಾಗೆ ಆಡಿದಿರಿ ಅಂತ. ಗೆದ್ದಿರೋ ಸೋತಿರೋ ಅನ್ನುವುದನ್ನು ಬರೆಯಬೇಡಿ. ನಿಮಗಿಂತ ಚೆನ್ನಾಗಿ ಆಡುವವರಿಗೆ ತೋರಿಸಿ. ಆರು ತಿಂಗಳಾದ ಮೇಲೂ ಅದೇ ತಪ್ಪು ಬರುತ್ತಿದ್ದರೆ, ಎಷ್ಟೇ ಗೆದ್ದಿದ್ದರೂ ಆಟ ಸುಧಾರಿಸಿಲ್ಲ.

ಇನ್ನೊಂದು ವಿಷಯ ನಿಮ್ಮ ಪುಸ್ತಕದಲ್ಲಿ ಈಗಾಗಲೇ ಇದೆ. ಸೋತ ದಿನ ಎಷ್ಟು ಗಂಟೆ ಕೂತಿರಿ, ಗೆದ್ದ ದಿನ ಎಷ್ಟು? ಸೋತ ದಿನಗಳೇ ಜಾಸ್ತಿ ಉದ್ದವಾಗಿದ್ದರೆ, ಹೋದದ್ದನ್ನು ವಾಪಸ್ ತರುವ ಹಟದಲ್ಲಿ ಕೂತಿದ್ದೀರಿ. ಮುಂದಿನ ಸಲ ಗೋವಾ ಬಸ್ಸು ಹತ್ತುವ ಮುಂಚೆ ಆ ಪುಟಗಳನ್ನು ತೆರೆದು ನೋಡಿ.